ನಾಲ್ಕು ‘ನಾರ್ಮಲ್’ ವರದಿಗಳು: ಮಲೆನಾಡಿನ ಒಂದು ಥೈರಾಯ್ಡ್ ಪ್ರಕರಣ

ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹದಿನೆಂಟು ವರ್ಷಗಳಿಂದ ಸಣ್ಣದೊಂದು ಲ್ಯಾಬ್ ನಡೆಸುತ್ತಿದ್ದೇನೆ. ನಾನು ವೈದ್ಯನಲ್ಲ, ಲ್ಯಾಬ್ ಟೆಕ್ನಿಷಿಯನ್. ಇಲ್ಲಿ ಬರೆದಿರುವುದು ನನ್ನಲ್ಲಿ ರಕ್ತ ಕೊಟ್ಟ ಒಬ್ಬ ಮಹಿಳೆಯ ಪ್ರಕರಣ. ಅವರದೂ ಅವರ ಯಜಮಾನರದೂ ಒಪ್ಪಿಗೆ ಪಡೆದಿದ್ದೇನೆ. ಊರು, ಮನೆತನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಪರೀಕ್ಷೆಯ ಅಂಕಿಗಳನ್ನು ಬದಲಿಸಿಲ್ಲ. ಇದರಲ್ಲಿ ನನ್ನ ಪಾಲಿನ ತಪ್ಪೂ ಒಂದಿದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಹಿನ್ನೆಲೆ

ಮೊದಲ ಸಲ ನನ್ನಲ್ಲಿಗೆ ಬಂದಾಗ ಅವರಿಗೆ 33 ವರ್ಷ. ಎರಡು ಎಕರೆ ಅಡಿಕೆ ತೋಟ, ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಕೂತರೆ ಓರಗೆಯ ಹೆಂಗಸರಿಗಿಂತ ಒಂದು ಕೈ ಮುಂದೆಯೇ ಇದ್ದವರು, ಈಗ ಮೆಟ್ಟುಗತ್ತಿಯ ಮುಂದೆ ಕೂತಲ್ಲೇ ತೂಕಡಿಸುವಂತಾಗಿದೆ ಎಂದು ಯಜಮಾನರು ಹೇಳಿದರು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಅವರು ಸ್ವೆಟರ್ ಹಾಕಿಕೊಂಡು ಬಂದಿದ್ದರು. ರಬ್ಬರ್ ಪಟ್ಟಿ ಕಟ್ಟಲು ಕೈ ಹಿಡಿದರೆ ತಣ್ಣಗಿತ್ತು; ಚರ್ಮ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು; ನರ ಸಿಗದೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಸುತ್ತಿಡಬೇಕಾಯಿತು. ಮಲಬದ್ಧತೆ, ಕೂದಲು ಉದುರುವುದು, ಮಾತು ನಿಧಾನವಾಗಿರುವುದು, ಮುಖ ಬಿಳಿಚಿಕೊಂಡಿರುವುದು, ಇವೆಲ್ಲ ಎರಡು ಮೂರು ವರ್ಷಗಳಿಂದ ಒಂದೊಂದಾಗಿ ಸೇರಿಕೊಂಡಿದ್ದವು.

ಇಂಥವರನ್ನು ನೋಡಿದರೆ ಲ್ಯಾಬಿನ ಹುಡುಗರೂ ‘ಥೈರಾಯ್ಡ್ ಇರಬೇಕು’ ಎನ್ನುತ್ತಾರೆ. ಮನೆಯವರ ಲೆಕ್ಕ ಮಾತ್ರ ಬೇರೆಯಿತ್ತು. ಘಟ್ಟದ ಸೀಮೆಯ ಹಳಬರಿಗೆ ಥೈರಾಯ್ಡ್ ಎಂದೊಡನೆ ನೆನಪಾಗುವುದು ಗಳಗಂಡ. ಮಳೆ ತೊಳೆದ ಇಲ್ಲಿನ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಕ್ರಮೇಣ ಅಯೋಡಿನ್ ಉಪ್ಪು ಅಡುಗೆಮನೆಗೆ ಬಂದ ಮೇಲೆ ಕುತ್ತಿಗೆಯ ಗಡ್ಡೆ ಹಿಂದಿನಷ್ಟು ಕಾಣುವುದಿಲ್ಲ. ಆದರೆ ಕುತ್ತಿಗೆ ಊದದಿದ್ದರೆ ಥೈರಾಯ್ಡ್ ಅಲ್ಲ ಎಂಬ ಮಾತು ಹಾಗೇ ಉಳಿದುಕೊಂಡಿದೆ. ಸೊಸೆಯ ಕುತ್ತಿಗೆ ಸಪಾಟಾಗಿರುವುದನ್ನು ತೋರಿಸಿ ಅತ್ತೆಯವರು ಇದು ರಕ್ತ ಕಡಿಮೆಯಾಗಿ ಬಂದ ನಿಶ್ಶಕ್ತಿ ಎಂದು ತೀರ್ಮಾನಿಸಿದ್ದರು. ಹಿಮೋಗ್ಲೋಬಿನ್ 9ರ ಆಸುಪಾಸು ಇದ್ದದ್ದರಿಂದ ಆ ಮಾತಿಗೆ ಆಧಾರವೂ ಇತ್ತು.

ನಡೆದ ಪರೀಕ್ಷೆಗಳು

ಐದು ವರ್ಷಗಳಲ್ಲಿ ಅವರಿಗೆ ನಾಲ್ಕು ಸಲ ಟಿಎಸ್‌ಎಚ್, ಅಂದರೆ ಥೈರಾಯ್ಡ್ ದೋಷ ಹುಡುಕಲು ಮೊದಲು ಮಾಡುವ ರಕ್ತಪರೀಕ್ಷೆ, ಆಗಿತ್ತು. ಮೊದಲನೆಯದು ಸರ್ಕಾರಿ ವೈದ್ಯರು ಬರೆದುಕೊಟ್ಟದ್ದು, 2.6. ಎರಡನೆಯದು ಶಾಲೆಯ ಆವರಣದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ, 3.1. ಮೂರನೆಯದು ನನ್ನ ಲ್ಯಾಬಿನ ಮೂಲಕ, 3.9. ನಾಲ್ಕನೆಯದು ಶಿವಮೊಗ್ಗದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ, 2.9. ನಾನು ಕೊಡುವ ವರದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ವ್ಯಾಪ್ತಿ 0.27ರಿಂದ 4.2. ನಾಲ್ಕೂ ಅದರೊಳಗೇ ಇದ್ದವು. ನಾಲ್ಕು ಸಲವೂ ಅವರಿಗೆ ‘ನಾರ್ಮಲ್’ ಎಂದು ಹೇಳಿ ಕಳಿಸಲಾಯಿತು.

ಕಬ್ಬಿಣದ ಮಾತ್ರೆ, ಬಿ12 ಚುಚ್ಚುಮದ್ದು, ಕಷಾಯ, ಒಬ್ಬರು ಹೇಳಿದರೆಂದು ಎಲೆಕೋಸು ಬಿಟ್ಟದ್ದು, ಇನ್ನೊಬ್ಬರು ಹೇಳಿದರೆಂದು ಪ್ರಶ್ನೆ ಕೇಳಿಸಿದ್ದು, ಇವೆಲ್ಲ ಈ ಪರೀಕ್ಷೆಗಳ ನಡುವಿನ ಅವಧಿಯಲ್ಲಿ ಆದವು. ಯಾವುದರಿಂದಲೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮೂರನೆಯ ವರದಿ ತೆಗೆದುಕೊಂಡು ಹೋಗುವಾಗ ಅವರು ಕೌಂಟರಿನ ಬಳಿ ನಿಂತು, “ಅಣ್ಣಾ, ಈ ಸಲನೂ ಥೈರಾಯ್ಡ್ ಇಲ್ವಲ್ಲ, ಹಂಗಾರೆ ನಂಗೆ ಎಂತ ಆಗಿದೆ?” ಎಂದು ಕೇಳಿದ್ದರು. ಇದ್ದಿದ್ದರೆ ಒಳ್ಳೆಯದಿತ್ತು ಎನ್ನುವ ಧಾಟಿ ಆ ಮಾತಿನಲ್ಲಿತ್ತು. ಕಾಯಿಲೆಗೊಂದು ಹೆಸರು ಸಿಗದೆ ಹೋದವರು ಬರಬರುತ್ತಾ ಮನೆಯಲ್ಲಿ ಸೋಮಾರಿ ಎನಿಸಿಕೊಳ್ಳುತ್ತಾರೆ.

ಮೊದಲಿಗೆ ಟಿಎಸ್‌ಎಚ್ ಒಂದನ್ನೇ ಬರೆದ ವೈದ್ಯರದು ತಪ್ಪೆಂದು ನಾನು ಹೇಳಲಾರೆ. ಥೈರಾಯ್ಡ್ ಗ್ರಂಥಿಯೇ ಕೆಟ್ಟಾಗ ಅದಕ್ಕಿಂತ ಸೂಕ್ಷ್ಮವಾಗಿ ಹೇಳುವ ಇನ್ನೊಂದು ಪರೀಕ್ಷೆ ಇಲ್ಲ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ. ಮಿದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ತೋಟದಲ್ಲಿ ಆಳು ಕೆಲಸ ನಿಧಾನ ಮಾಡಿದರೆ ಯಜಮಾನ ಕೂಗುತ್ತಾನೆ. ಇನ್ನೂ ನಿಧಾನವಾದರೆ ಇನ್ನೂ ಜೋರಾಗಿ ಕೂಗುತ್ತಾನೆ. ಟಿಎಸ್‌ಎಚ್ ಆ ಕೂಗು. ಕೂಗು ಜೋರಾಗಿದ್ದರೆ ಆಳು ಸೋತಿದ್ದಾನೆಂದು ನಾವು ರಸ್ತೆಯಲ್ಲಿ ನಿಂತೇ ತಿಳಿಯಬಹುದು. ಯಜಮಾನನ ಗಂಟಲೇ ಬಿದ್ದುಹೋಗಿದ್ದರೆ? ತೋಟ ಹಾಳು ಬಿದ್ದಿದ್ದರೂ ರಸ್ತೆಗೆ ಏನೂ ಕೇಳಿಸುವುದಿಲ್ಲ. ಅಂಥ ಸಂದರ್ಭದಲ್ಲಿ ತೋಟಕ್ಕೇ ಇಳಿದು ಕೆಲಸ ಎಷ್ಟಾಗಿದೆ ಎಂದು ನೋಡಬೇಕು, ಅಂದರೆ ಥೈರಾಯ್ಡ್ ಹಾರ್ಮೋನನ್ನೇ, ಮುಖ್ಯವಾಗಿ ಫ್ರೀ ಟಿ4 ಅನ್ನು, ಅಳೆಯಬೇಕು.

ನಾಲ್ಕು ಸಲ ಒಂದೇ ಪ್ರಶ್ನೆಯನ್ನು ಕೇಳಿ ಒಂದೇ ಉತ್ತರ ಪಡೆದದ್ದು ಈ ಪ್ರಕರಣದ ಮೊದಲ ಎಡವಟ್ಟು. ಮೊದಲ ಸಲ ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಲಕ್ಷಣಗಳು ಹೆಚ್ಚುತ್ತಲೇ ಹೋಗಿ ಉತ್ತರ ಬದಲಾಗದೆ ಉಳಿದ ಮೇಲಾದರೂ ಪ್ರಶ್ನೆ ಬದಲಾಗಬೇಕಿತ್ತು.

ಐದನೆಯ ವರದಿ

ಬೆಂಗಳೂರಿನಲ್ಲಿದ್ದ ನಾದಿನಿ ಫೋನಿನಲ್ಲಿ “ಅತ್ತಿಗೆ, ಬರೀ ಟಿಎಸ್‌ಎಚ್ ಬೇಡ, ಪೂರ್ತಿ ಪ್ರೊಫೈಲ್ ಮಾಡಿಸಿ” ಎಂದು ಒತ್ತಾಯಿಸಿದ್ದರಿಂದ ಐದನೆಯ ಸಲ ಥೈರಾಯ್ಡಿನ ಹಾರ್ಮೋನುಗಳಾದ ಟಿ3, ಟಿ4, ಜೊತೆಗೆ ಟಿಎಸ್‌ಎಚ್, ಮೂರನ್ನೂ ಮಾಡಿಸಲು ನನ್ನಲ್ಲಿಗೆ ಬಂದರು. ಹಾರ್ಮೋನ್ ಪರೀಕ್ಷೆಗಳ ಯಂತ್ರ ನನ್ನಲ್ಲಿಲ್ಲ. ಸೀರಂ ಬೇರ್ಪಡಿಸಿ, ಐಸ್ ಪ್ಯಾಕಿನ ಡಬ್ಬದಲ್ಲಿಟ್ಟು ಸಂಜೆ ಬಸ್ಸಿಗೆ ಕೊಟ್ಟರೆ ಶಿವಮೊಗ್ಗದ ದೊಡ್ಡ ಲ್ಯಾಬಿನವರು ನಿಲ್ದಾಣದಲ್ಲೇ ಇಳಿಸಿಕೊಳ್ಳುತ್ತಾರೆ. ಮರುದಿನ ವರದಿ ಮೊಬೈಲಿಗೆ ಬರುತ್ತದೆ.

ಬಂದ ವರದಿ ಹೀಗಿತ್ತು: ಟಿ3 62, ಇರಬೇಕಾದದ್ದು 80ರಿಂದ 200. ಟಿ4 3.1, ಇರಬೇಕಾದದ್ದು 5.1ರಿಂದ 14.1. ಟಿಎಸ್‌ಎಚ್ 3.4, ನಾರ್ಮಲ್.

ನನಗೆ ಇದು ಹೊಂದಿಕೆಯಾಗಲಿಲ್ಲ. ಟಿ4 ಇಷ್ಟು ಕೆಳಗಿದ್ದರೆ ಟಿಎಸ್‌ಎಚ್ ಇಪ್ಪತ್ತೋ ಐವತ್ತೋ ಇರಬೇಕಿತ್ತು. ಮೊದಲು ಅನುಮಾನ ಬಂದದ್ದು ಬಯೋಟಿನ್ ಎಂಬ ವಿಟಮಿನ್ ಮೇಲೆ, ಏಕೆಂದರೆ ಕೂದಲು ಉದುರುವವರು ಬಯೋಟಿನ್ ಮಾತ್ರೆ ನುಂಗುವುದು ಈಗ ಸಾಮಾನ್ಯವಾಗಿದೆ, ಮತ್ತು ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳ ಲೆಕ್ಕವನ್ನು ಕೆಡಿಸುತ್ತದೆ. ಫೋನ್ ಮಾಡಿ ಕೇಳಿದೆ. ತೆಗೆದುಕೊಳ್ಳುತ್ತಿದ್ದರು. ಆದರೆ ಬಯೋಟಿನ್ ಮಾಡುವ ಮೋಸ ತಿರುಗುಮುರುಗಾದದ್ದು: ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ, ಟಿ4 ಅನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಇಲ್ಲಿ ಟಿ4 ಕಡಿಮೆ ಬಂದಿತ್ತು, ಆದ್ದರಿಂದ ಟಿ4 ಕೆಳಗಿಳಿದದ್ದಕ್ಕೆ ಅದು ಕಾರಣವಾಗಿರಲು ಸಾಧ್ಯವಿರಲಿಲ್ಲ. ಶಿವಮೊಗ್ಗಕ್ಕೆ ಹೇಳಿ ಅದೇ ಸೀರಂನ್ನು ಇನ್ನೊಮ್ಮೆ ಓಡಿಸಿದೆ. ಟಿ4 3.2 ಬಂತು. ಯಂತ್ರ ತಪ್ಪಿರಲಿಲ್ಲ.

ನನ್ನ ತಪ್ಪು ಇಲ್ಲಿದೆ. ಅಂಕಿ ಸರಿ ಎಂದು ಖಾತ್ರಿಯಾದ ಕೂಡಲೇ ನನ್ನ ಕೆಲಸ ಮುಗಿಯಿತೆಂದುಕೊಂಡು ವರದಿಗೆ ಸಹಿ ಹಾಕಿದೆ. ‘ಟಿ4 ಮತ್ತು ಟಿಎಸ್‌ಎಚ್ ಒಂದಕ್ಕೊಂದು ಹೊಂದುತ್ತಿಲ್ಲ, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದಿದೆ, ಫ್ರೀ ಟಿ4 ನೋಡುವುದು ಒಳ್ಳೆಯದು’ ಎಂದು ಕೆಳಗೆ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಟೆಕ್ನಿಷಿಯನ್ ಆದವನು ವೈದ್ಯರಿಗೆ ಹೇಳಿಕೊಟ್ಟಂತಾಗುತ್ತದೆ ಎಂಬ ಸಂಕೋಚ. ಟಿ4 ಎಂದು ಅಳೆಯುವುದರಲ್ಲಿ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವ ಹಾರ್ಮೋನ್. ಆ ಪ್ರೋಟೀನ್ ಕಡಿಮೆಯಿದ್ದರೂ, ಫಿಟ್ಸಿಗೆ ಕೊಡುವ ಕೆಲವು ಮಾತ್ರೆ ತಿನ್ನುತ್ತಿದ್ದರೂ, ಬೇರೆ ಕಾಯಿಲೆಯಿಂದ ತೀರಾ ಬಳಲಿದ್ದರೂ ಟಿ4 ಕೆಳಗೆ ಕಾಣಬಹುದು. ಅಂಟಿಕೊಳ್ಳದೆ ಬಿಡಿಯಾಗಿ ಓಡಾಡುವ ಫ್ರೀ ಟಿ4 ನೋಡಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತಿತ್ತು. ಅವರ ಸೀರಂ ಇನ್ನೂ ಶಿವಮೊಗ್ಗದ ಫ್ರಿಜ್ಜಿನಲ್ಲೇ ಇತ್ತು. ಇನ್ನೊಮ್ಮೆ ಸೂಜಿ ಚುಚ್ಚುವ ಅಗತ್ಯವೂ ಇರಲಿಲ್ಲ.

ಮಾತ್ರೆ ಶುರುವಾದ ಮೇಲೆ

ವರದಿ ನೋಡಿದ ಸ್ಥಳೀಯ ವೈದ್ಯರೊಬ್ಬರು, ಐದು ವರ್ಷಗಳಲ್ಲಿ ಮೊದಲ ಬಾರಿಗೆ, ಟಿಎಸ್‌ಎಚ್ ಅನ್ನು ಬದಿಗಿಟ್ಟು ಟಿ4 ಕಡಿಮೆಯಿರುವುದನ್ನು ಗಮನಿಸಿದರು. ಆ ಮಟ್ಟಿಗೆ ಅವರು ಉಳಿದವರಿಗಿಂತ ಹತ್ತಿರ ಹೋಗಿದ್ದರು. ದಿನಕ್ಕೆ 100 ಮೈಕ್ರೋಗ್ರಾಂ ಥೈರಾಕ್ಸಿನ್ (ಮಾತ್ರೆಯ ರೂಪದ ಟಿ4) ಬರೆದುಕೊಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಲು, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಲು, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಇಡಲು ಹೇಳಿದರು. ಹೇಳಿದ್ದೆಲ್ಲ ಸರಿಯೇ. ಆದರೆ ಟಿಎಸ್‌ಎಚ್ ಏಕೆ ಏರಿಲ್ಲ ಎನ್ನುವುದನ್ನು ಅವರೂ ಕೇಳಿಕೊಳ್ಳಲಿಲ್ಲ.

ಮೊದಲ ವಾರ ಮನೆಯವರಿಗೆಲ್ಲ ಸಮಾಧಾನ. ಎರಡನೆಯ ವಾರ ಊಟ ಸೇರಲಿಲ್ಲ. ಮೂರನೆಯ ವಾರ ಮಕ್ಕಳಿಗೆ ಬಂದಿದ್ದ ಜ್ವರ ಇವರಿಗೂ ಅಂಟಿತು; ವಾಂತಿ ನಿಲ್ಲಲಿಲ್ಲ; ಒಂದು ಮುಂಜಾನೆ ಬಚ್ಚಲಿಗೆ ಹೋದವರು ಅಲ್ಲೇ ಕುಸಿದರು. ಪಕ್ಕದ ಮನೆಯವರ ಜೀಪಿನಲ್ಲಿ, ಆಗುಂಬೆಯ ಕಡೆಯಿಂದ ಬಂದ ಮಳೆ ಹೊಡೆಯುತ್ತಿರುವಾಗಲೇ, ಶಿವಮೊಗ್ಗಕ್ಕೆ ಸಾಗಿಸಿದರು. ದಾರಿಯುದ್ದಕ್ಕೂ ಕರೆದರೆ ‘ಹೂಂ’ ಎನ್ನುವಷ್ಟೇ ಎಚ್ಚರವಿತ್ತಂತೆ. ಆಸ್ಪತ್ರೆಯಲ್ಲಿ ರಕ್ತದೊತ್ತಡ 70, ಸೋಡಿಯಂ 116. ಸೋಡಿಯಂ 135ಕ್ಕಿಂತ ಮೇಲಿರಬೇಕು.

ಒಂದು ಪ್ರಶ್ನೆ

ಅಲ್ಲಿ ಕರ್ತವ್ಯದಲ್ಲಿದ್ದ ಹಿರಿಯ ಫಿಸಿಷಿಯನ್ ಒಬ್ಬರು ಕಡತದಲ್ಲಿದ್ದ ನನ್ನ ವರದಿಯನ್ನು ನೋಡಿ, ರೋಗಿಯನ್ನು ನೋಡಿ, ಬಾಗಿಲ ಬಳಿ ನಿಂತಿದ್ದ ಅತ್ತೆಯನ್ನು ಕರೆದು ಕೇಳಿದರಂತೆ: “ಅಮ್ಮಾ, ಇವರ ಕೊನೇ ಹೆರಿಗೆ ಹೇಗಾಯ್ತು? ಮಗುವಿಗೆ ಎದೆಹಾಲು ಬಂದಿತ್ತಾ?”

ಐದು ವರ್ಷ ಯಾರೂ ಕೇಳದಿದ್ದ ಕಥೆ ಆಗ ಹೊರಬಿತ್ತು. ಎರಡನೆಯ ಹೆರಿಗೆ ಆಷಾಢದ ಮಳೆಯಲ್ಲಿ. ಹಳ್ಳ ತುಂಬಿ ದಾರಿ ಕಟ್ಟಿದ್ದರಿಂದ ಮನೆಯಲ್ಲೇ ಹೆರಿಗೆಯಾಗಿ, ಕಸ ಪೂರ್ತಿ ಬೀಳದೆ, ರಕ್ತ ನಿಲ್ಲದೆ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾಡಿ ಸಿಗದಂತಾಗಿತ್ತು. ಐದು ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡರು. ಎದೆಹಾಲು ಒಂದು ಹನಿಯೂ ಬರಲಿಲ್ಲ. ಅಷ್ಟು ರಕ್ತ ಹೋದ ಮೈಯಲ್ಲಿ ಹಾಲೆಲ್ಲಿಂದ ಬರಬೇಕು ಎಂದುಕೊಂಡು ಹಸುವಿನ ಹಾಲಿನಲ್ಲೇ ಮಗುವನ್ನು ಬೆಳೆಸಿದರು. ಆಮೇಲೆ ಮುಟ್ಟೂ ಆಗಲಿಲ್ಲ. ಕಂಕುಳ ಕೂದಲು ಉದುರಿದ್ದು ಮತ್ತೆ ಹುಟ್ಟಲಿಲ್ಲ. ಮುಟ್ಟು ನಿಂತದ್ದನ್ನು ಒಬ್ಬ ವೈದ್ಯರ ಮುಂದೆ ಹೇಳಿದ್ದರು. ಕೆಲವರಿಗೆ ಬೇಗ ನಿಲ್ಲುತ್ತದೆ ಎಂಬ ಉತ್ತರ ಸಿಕ್ಕಿತ್ತು. ಉಳಿದದ್ದನ್ನು ಹೇಳಿರಲಿಲ್ಲ, ಏಕೆಂದರೆ ಥೈರಾಯ್ಡಿಗೂ ಎದೆಹಾಲಿಗೂ ಸಂಬಂಧವಿದೆಯೆಂದು ಅವರಿಗೆ ತೋಚುವ ದಾರಿಯೇ ಇರಲಿಲ್ಲ. ನನ್ನಂಥ ಗಂಡಸಿನ ಮುಂದೆ ಹೇಳುವ ಮಾತಂತೂ ಅದಲ್ಲ.

ಈ ಕಾಯಿಲೆಯ ಹೆಸರು ಶೀಹನ್ ಸಿಂಡ್ರೋಮ್. ಹೆರಾಲ್ಡ್ ಶೀಹನ್ ಎಂಬ ವೈದ್ಯರು 1937ರಲ್ಲಿ ಇದನ್ನು ವಿವರಿಸಿದರು. ಬಸಿರಿನಲ್ಲಿ ಪಿಟ್ಯುಟರಿ ಗ್ರಂಥಿ ದೊಡ್ಡದಾಗುತ್ತದೆ, ಆದರೆ ಅದಕ್ಕೆ ತಕ್ಕಂತೆ ರಕ್ತದ ಪೂರೈಕೆ ಹೆಚ್ಚುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಒತ್ತಡ ಕುಸಿದರೆ ಆ ಗ್ರಂಥಿಯೇ ಭಾಗಶಃ ಸತ್ತುಹೋಗುತ್ತದೆ. ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್, ಮುಟ್ಟಿಗೆ ಬೇಕಾದ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್, ಅಡ್ರಿನಲ್ ಗ್ರಂಥಿಯನ್ನು ನಡೆಸುವ ಎಸಿಟಿಎಚ್, ಎಲ್ಲಕ್ಕೂ ಮೂಲ ಅದೇ. ಕೆಲವರಲ್ಲಿ ಇದು ಬಯಲಾಗಲು ವರ್ಷಗಳೇ ಬೇಕಾಗುತ್ತವೆ. ನಮ್ಮನ್ನು ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ: ಪೆಟ್ಟು ತಿಂದ ಪಿಟ್ಯುಟರಿಯಿಂದ ಬರುವ ಟಿಎಸ್‌ಎಚ್ ಅಂಕಿಯಲ್ಲಿ ನಾರ್ಮಲ್ ಕಾಣಬಹುದು, ಆದರೆ ಅದಕ್ಕೆ ಕಸುವಿರುವುದಿಲ್ಲ. ಯಂತ್ರ ಅದು ಎಷ್ಟಿದೆ ಎಂದು ಎಣಿಸುತ್ತದೆಯೇ ಹೊರತು ಕೆಲಸ ಮಾಡುತ್ತಿದೆಯೇ ಎಂದು ನೋಡುವುದಿಲ್ಲ.

ಆ ವೈದ್ಯರು ಉಳಿದ ವರದಿಗಳಿಗೆ ಕಾಯಲಿಲ್ಲ. ಅಡ್ರಿನಲ್ ಗ್ರಂಥಿಯಿಂದ ಬರುವ, ಕಾಯಿಲೆಯನ್ನು ತಡೆದುಕೊಳ್ಳಲು ಮೈಗೆ ಬೇಕಾದ ಕಾರ್ಟಿಸಾಲ್ ಹಾರ್ಮೋನಿನ ಪರೀಕ್ಷೆಗೆ ರಕ್ತ ತೆಗೆಸಿ, ಕೂಡಲೇ ಅದೇ ಹಾರ್ಮೋನಿನ ಔಷಧರೂಪವಾದ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ನರಕ್ಕೆ ಕೊಡಿಸಿ, ಥೈರಾಕ್ಸಿನ್ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿದರು. ಇಡೀ ಪ್ರಕರಣದ ನಿರ್ಣಾಯಕ ತೀರ್ಮಾನ ಇದೇ. ಥೈರಾಯ್ಡ್ ಹಾರ್ಮೋನ್ ಮೈಗೆ ಸೇರಿದಾಗ ದೇಹ ಕಾರ್ಟಿಸಾಲನ್ನು ಇನ್ನಷ್ಟು ಬೇಗ ಖರ್ಚು ಮಾಡುತ್ತದೆ. ಮೊದಲೇ ಕಾರ್ಟಿಸಾಲ್ ತಳ ಮುಟ್ಟಿದ್ದವರಿಗೆ ಥೈರಾಕ್ಸಿನ್ ಮಾತ್ರ ಕೊಟ್ಟರೆ ಉಳಿದ ಚೂರೂ ಬರಿದಾಗುತ್ತದೆ. ಅದರ ಮೇಲೆ ಒಂದು ಜ್ವರ ಬಂದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಪಿಟ್ಯುಟರಿಯ ಅನುಮಾನವಿದ್ದಲ್ಲಿ ಮೊದಲು ಕಾರ್ಟಿಸಾಲ್ ನೋಡಬೇಕು, ಕಡಿಮೆಯಿದ್ದರೆ ಮೊದಲು ಅದನ್ನು ತುಂಬಬೇಕು, ಥೈರಾಕ್ಸಿನ್ ಆಮೇಲೆ.

ಕಾರ್ಟಿಸಾಲ್ 1.8 ಬಂತು. ಅಷ್ಟು ಜರ್ಜರಿತವಾದ ಮೈಯಲ್ಲಿ ಅದು ಇಪ್ಪತ್ತರ ಆಸುಪಾಸಿಗೆ ಏರಿರಬೇಕಿತ್ತು. ಫ್ರೀ ಟಿ4 ಮಾತ್ರೆ ತಿಂದಿದ್ದರೂ 0.6, ಕೆಳಗಿನ ಮಿತಿ 0.93. ಪ್ರೊಲ್ಯಾಕ್ಟಿನ್ ತೀರಾ ಕಡಿಮೆ. ಎಫ್‌ಎಸ್‌ಎಚ್ ಸಹ ಕಡಿಮೆ. ಮುಟ್ಟು ನಿಜವಾಗಿಯೂ ಬೇಗ ನಿಂತದ್ದಾಗಿದ್ದರೆ ಅದು ಹೆಚ್ಚಿರಬೇಕಿತ್ತು, ಮತ್ತು ಆ ಒಂದು ಪರೀಕ್ಷೆಯನ್ನು ಅಂದೇ ಮಾಡಿಸಿದ್ದರೆ ಈ ಮಾತು ಅಂದೇ ಬಿದ್ದುಹೋಗುತ್ತಿತ್ತು. ಎಂಆರ್‌ಐಯಲ್ಲಿ ಪಿಟ್ಯುಟರಿ ಇರಬೇಕಾದ ಗೂಡು ಹೆಚ್ಚುಕಡಿಮೆ ಖಾಲಿಯಾಗಿತ್ತು.

ಚುಚ್ಚುಮದ್ದು ಬಿದ್ದ ದಿನ ಸಂಜೆಗೇ ಒತ್ತಡ ನೂರು ಮುಟ್ಟಿತು. ಮರುದಿನ ಬೆಳಿಗ್ಗೆ ಅವರೇ ಗಂಜಿ ಕೇಳಿ, ಉಪ್ಪಿನಕಾಯಿ ರಸ ಹಾಕಿಸಿಕೊಂಡು ಒಂದು ಲೋಟ ಮುಗಿಸಿದರು ಎನ್ನುವುದನ್ನು ಅತ್ತೆಯವರು ನನಗೆ ಮೂರು ಸಲ ಹೇಳಿದ್ದಾರೆ. ಸೋಡಿಯಂ ಏರಲು ನಾಲ್ಕೈದು ದಿನ ಹಿಡಿಯಿತು. ಅದನ್ನು ಅವಸರದಲ್ಲಿ ಏರಿಸಿದರೆ ಮಿದುಳಿಗೆ ಅಪಾಯವಾದ್ದರಿಂದ ದಿನಕ್ಕೆ ಹಲವು ಸಲ ಅಳೆಯುತ್ತಾ ಏರಿಸಿದರು. ಥೈರಾಕ್ಸಿನ್ ಆಮೇಲೆ 25 ಮೈಕ್ರೋಗ್ರಾಂನಿಂದ ಮತ್ತೆ ಶುರುವಾಯಿತು. ಮನೆಗೆ ಹೋಗುವಾಗ ಬೆಳಿಗ್ಗೆ 10, ಮಧ್ಯಾಹ್ನ 5 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಜೀವನಪೂರ್ತಿ, ಜ್ವರ ಬಂದರೆ ಅದರ ಎರಡು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದು ಎಂದು ಬರೆದ ಒಂದು ಕಾರ್ಡನ್ನು ಕೊಟ್ಟಿದ್ದರು. ಆ ಮಾತ್ರೆ ನಮ್ಮೂರಿನ ಔಷಧದ ಅಂಗಡಿಯಲ್ಲಿ ಸಿಗದೆ ಶಿವಮೊಗ್ಗದಿಂದ ತರಿಸಬೇಕಾಗುತ್ತದೆ. ಮಳೆಗಾಲದಲ್ಲಿ ದಾರಿ ಕಟ್ಟುವ ಊರು ಅವರದು; ಹಾಗಾಗಿ ಎರಡು ತಿಂಗಳ ಮಾತ್ರೆ ಮತ್ತು ಒಂದು ಚುಚ್ಚುಮದ್ದಿನ ಬಾಟಲಿ ಸದಾ ಮನೆಯಲ್ಲಿರುತ್ತದೆ, ಯಜಮಾನರು ಕೊಡುವುದನ್ನು ಕಲಿತಿದ್ದಾರೆ.

ನಾನು ಬದಲಿಸಿಕೊಂಡದ್ದು

ಇದನ್ನು ಓದಿದ ಮೇಲೆ, ಸುಸ್ತು ಇರುವ ಪ್ರತಿಯೊಬ್ಬರೂ ಎಲ್ಲ ಹಾರ್ಮೋನುಗಳ ಪರೀಕ್ಷೆಗೆ ಬರಬೇಕೆಂದು ಯಾರೂ ತಿಳಿಯಬಾರದು. ಅದರಿಂದ ಲಾಭವಾಗುವುದು ನನಗೆ, ರೋಗಿಗಲ್ಲ. ಇವರ ವಿಷಯದಲ್ಲೂ ಪರೀಕ್ಷೆ ಸಾಲದೆ ಹೋದದ್ದಕ್ಕಿಂತ, ಬಂದ ಅಂಕಿಗಳನ್ನು ಜೊತೆಗಿಟ್ಟು ಓದದೆ ಹೋದದ್ದು, ಓದಲು ಬೇಕಾದ ಹೆರಿಗೆಯ ಕಥೆಯನ್ನು ಕೇಳದೆ ಹೋದದ್ದು ದೊಡ್ಡ ಕೊರತೆ. ರೋಗಿಯ ಕಡೆಯಿಂದ ನೋಡಿದರೆ, ಹಳೆಯ ನಾಲ್ಕೂ ವರದಿಗಳು ಒಂದೇ ಚೀಲದಲ್ಲಿದ್ದು ಒಬ್ಬರೇ ವೈದ್ಯರ ಮೇಜಿಗೆ ಬಂದಿದ್ದರೆ, ಜೊತೆಗೆ ‘ಹೆರಿಗೆಯಾದಾಗಿನಿಂದ ಮುಟ್ಟಾಗಿಲ್ಲ’ ಎಂಬ ಒಂದು ಮಾತು ಸೇರಿದ್ದರೆ, ಪ್ರಶ್ನೆ ಬಹುಶಃ ಎರಡು ಮೂರು ವರ್ಷ ಮೊದಲೇ ಬದಲಾಗುತ್ತಿತ್ತು.

ನನ್ನ ಲ್ಯಾಬಿನ ಚೀಟಿಯಲ್ಲಿ ಎರಡು ಸಾಲು ಸೇರಿಸಿದ್ದೇನೆ. ಥೈರಾಯ್ಡ್ ಪರೀಕ್ಷೆಗೆ ಬರುವ ಹೆಂಗಸರಿಗೆ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿತ್ತೇ, ಆಮೇಲೆ ಹಾಲು ಬಂದು ಮುಟ್ಟು ಮರಳಿತ್ತೇ ಎಂದು ಕೇಳುವುದು, ಬಯೋಟಿನ್ ಅಥವಾ ಬೇರೆ ಮಾತ್ರೆ ತಿನ್ನುತ್ತಿದ್ದಾರೆಯೇ ಎಂದು ಬರೆದುಕೊಳ್ಳುವುದು. ನಾನೇ ಕೇಳಿದಾಗ ತಲೆ ತಗ್ಗಿಸಿ ‘ಎಂತದೂ ಇಲ್ಲ’ ಎನ್ನುತ್ತಿದ್ದರು. ಈಗ ನಮ್ಮ ಸಹಾಯಕಿ ಪರದೆಯ ಒಳಗೆ ರಕ್ತ ತೆಗೆಯುವಾಗ ಕೇಳುತ್ತಾಳೆ. ಹದಿನಾಲ್ಕು ತಿಂಗಳಾಯಿತು, ಇನ್ನೊಂದು ಇಂಥ ಪ್ರಕರಣ ಸಿಕ್ಕಿಲ್ಲ. ಕೇಳುವುದನ್ನು ಬಿಟ್ಟಿಲ್ಲ. ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ವರದಿಯ ಕೆಳಗೆ ಬರೆಯುತ್ತೇನೆ. ಇಬ್ಬರು ವೈದ್ಯರು ಇದಕ್ಕೆ ಬೇಸರಿಸಿಕೊಂಡದ್ದೂ ಇದೆ.

ಕಳೆದ ಮಾರ್ಚಿನಲ್ಲಿ ಅವರ ಊರಿನಲ್ಲಿ ಮತ್ತೊಂದು ಶಿಬಿರ ನಡೆಯಿತು. ಅಲ್ಲಿ ಟಿಎಸ್‌ಎಚ್ ನೋಡಿದರು. 0.04 ಇತ್ತು. ಥೈರಾಯ್ಡ್ ಗ್ರಂಥಿ ಕೆಟ್ಟು ಮಾತ್ರೆ ತಿನ್ನುವವರಲ್ಲಿ ಇಂಥ ಅಂಕಿ ಬಂದರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ, ಆದ್ದರಿಂದ ಮಾತ್ರೆಯನ್ನು ಅರ್ಧಕ್ಕೆ ಇಳಿಸಲು ಹೇಳಿದರು. ಇವರಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹೊರಗಿನಿಂದ ಥೈರಾಕ್ಸಿನ್ ಸಿಗುತ್ತಿದ್ದ ಹಾಗೆ ಸೋತ ಪಿಟ್ಯುಟರಿ ಇನ್ನೂ ಸುಮ್ಮನಾಗುತ್ತದೆ. ಇವರ ಪ್ರಮಾಣವನ್ನು ಅಳೆಯಬೇಕಾದದ್ದು ಫ್ರೀ ಟಿ4ನಿಂದ, ಅದೂ ಆ ದಿನದ ಮಾತ್ರೆ ನುಂಗುವ ಮೊದಲು ತೆಗೆದ ರಕ್ತದಲ್ಲಿ. ಮರುದಿನ ಬೆಳಿಗ್ಗೆ ಏಳೂವರೆಗೆ ನಾನು ಲ್ಯಾಬಿನ ಬೀಗ ತೆಗೆಯುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಸ್ವೆಟರ್ ಇರಲಿಲ್ಲ. ಶಿಬಿರದ ಚೀಟಿ, ಕಾರ್ಡು, ಅಂದಿನ ಥೈರಾಕ್ಸಿನ್ ಮಾತ್ರೆ ಮೂರೂ ಕೈಯಲ್ಲಿದ್ದವು.

“ಮಾತ್ರೆ ಇನ್ನೂ ನುಂಗ್ಲಿಲ್ಲ ಅಣ್ಣಾ. ಟಿಎಸ್‌ಎಚ್ ಬರೀಬೇಡಿ, ಫ್ರೀ ಟಿ4 ಒಂದೇ ಬರ್ಕೊಳ್ಳಿ,” ಎಂದು ತೋಳು ಮುಂದೆ ಚಾಚಿದರು. ನರ ಒಂದೇ ಸಲಕ್ಕೆ ಸಿಕ್ಕಿತು. ಸಂಜೆ ಬಸ್ಸಿಗೆ ಕೊಟ್ಟ ಸೀರಂನಲ್ಲಿ ಫ್ರೀ ಟಿ4 1.3 ಬಂತು, ಮಾತ್ರೆಯನ್ನು ಇಳಿಸಲಿಲ್ಲ.